ವಾರಿಜಕ್ಕನ ಇಂಗ್ಲಿಷು

ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ನಾವೀಗ ಬಾಡಿಗೆಗಿರುವ ಕಟ್ಟಡದ ಲಿಫ್ಟಿನೊಳಗೆ ಯಾರೋ ಪುಣ್ಯಾತ್ಮರು ಇಂಗ್ಲಿಷಿನಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಬಾಗಿಲನ್ನು ಸರಿಯಾಗಿ ಮುಚ್ಚದಿದ್ದರೆ ಲಿಫ್ಟು ಮೇಲಿನವರಿಗೆ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಬರೆದಿರುವಂತೆಯೇ ಓದಿಕೊಂಡರೆ, ಬಾಗಿಲು ಮುಚ್ಚದವರು ಲಿಫ್ಟಿನ ಜೊತೆಗೆ ತಾವೂ ಕೆಟ್ಟು ನಿಲ್ಲುತ್ತಾರೆಂಬ ಶಾಪದ ಹಾಗೆ ಕೇಳಿಸುತ್ತದೆ. ದಿನವೂ ಏರುವಾಗ ಇಳಿಯುವಾಗ ಅದು ಕಣ್ಣಿಗೆ ಬೀಳುತ್ತದೆ, ಜೇಬಿನಲ್ಲಿ ಪೆನ್ನೂ ಇರುತ್ತದೆ. ಕೆಲವು ವರ್ಷಗಳ ಹಿಂದಾಗಿದ್ದರೆ ಎರಡು ಅಂತಸ್ತು ದಾಟುವುದರೊಳಗೆ ತಿದ್ದಿ ಮುಗಿಸುತ್ತಿದ್ದೆ. ಈಗ ತಿದ್ದುವುದಿಲ್ಲ. ವಯೋಸಹಜವಾದ ಆಲಸ್ಯ ಇದಕ್ಕೆ ಒಂದು ಕಾರಣವಾದರೆ, ಇನ್ನೊಂದು ಕಾರಣ ವಾರಿಜಕ್ಕ.

ಅವರ ವಿಷಯಕ್ಕೆ ಬರುವ ಮೊದಲು ನನ್ನ ಇಂಗ್ಲಿಷಿನ ಯೋಗ್ಯತೆಯನ್ನು ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ತಾವು ನನ್ನನ್ನು ವಿದ್ವಾಂಸನೆಂದು ಭಾವಿಸುವ ಅಪಾಯವಿದೆ. ಹಾಸನದ ಕಡೆಯ ಸರ್ಕಾರಿ ಶಾಲೆಯಲ್ಲಿ ನಾನು ಕಲಿತ ಇಂಗ್ಲಿಷು ಠಾಣೆ ನಗರದ ಕಚೇರಿಯೊಂದರಲ್ಲಿ ಪತ್ರ ಬರೆದೂ ಬರೆದೂ ನಯವಾಯಿತು. ಬರೆಯುವಾಗ ಅದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಭೀರವಾಗಿ ಬರುತ್ತದೆ. ಮಾತಾಡುವಾಗ ಬನಿಯನ್ನಿನಲ್ಲೇ ಹೊರಟುಬಿಡುತ್ತದೆ. ಎದುರಿಗಿರುವವರಿಗೆ ನನಗಿಂತ ಕಡಿಮೆ ಇಂಗ್ಲಿಷ್ ಬರುತ್ತದೆಂದು ಖಚಿತವಾದರೆ ನನ್ನ ವಾಗ್ಝರಿ ಧಾರಾಳವಾಗಿ ಹರಿಯುತ್ತದೆ. ಹೆಚ್ಚು ಬರುತ್ತದೆಂಬ ಗುಮಾನಿ ಬಂದರೆ ಗಂಟಲಲ್ಲಿ ಕಫ ಕಟ್ಟಿದಂತಾಗಿ, ತಲೆದೂಗುವುದರಲ್ಲೇ ಸಂಭಾಷಣೆಯನ್ನು ಮುಗಿಸುತ್ತೇನೆ. ಇದು ನನ್ನೊಬ್ಬನ ವ್ಯಾಧಿಯೆಂದು ಬಹುಕಾಲ ನಂಬಿದ್ದೆ. ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದ ಸಭೆಗಳಿಗೆ ಹೋಗತೊಡಗಿದ ಮೇಲೆ ಇದು ಸಾಂಕ್ರಾಮಿಕವೆಂದು ತಿಳಿಯಿತು.

ಆ ಕಟ್ಟಡ ಸ್ಟೇಷನ್ನಿನ ಪೂರ್ವಕ್ಕೆ, ಎರಡು ರಸ್ತೆ ದಾಟಿದರೆ ಸಿಗುತ್ತಿತ್ತು. ನಾಲ್ಕು ಅಂತಸ್ತು, ಲಿಫ್ಟಿಲ್ಲ. ಮರಾಠಿಗರು, ತಮಿಳರು, ಮಲಯಾಳಿಗಳು, ಗುಜರಾತಿಗಳು, ಕನ್ನಡಿಗರು ಒಂದೇ ಮೆಟ್ಟಿಲು ಸವೆಸುತ್ತಿದ್ದೆವು. ಸೊಸೈಟಿಯ ಸಭೆ ಮರಾಠಿಯಲ್ಲಿ ಆರಂಭವಾಗಿ, ಸ್ವಲ್ಪ ಹೊತ್ತಿಗೆ ಹಿಂದಿಗೆ ಹೊರಳಿ, ಯಾರಿಗಾದರೂ ಸಿಟ್ಟು ಬಂದ ಕ್ಷಣ ಇಂಗ್ಲಿಷಿಗೆ ಏರುತ್ತಿತ್ತು. ಸಿಟ್ಟು ಬರದ ಸಭೆಯೇ ಇರಲಿಲ್ಲವಾದ್ದರಿಂದ ಮಹತ್ವದ ನಿರ್ಣಯಗಳೆಲ್ಲ ಇಂಗ್ಲಿಷಿನಲ್ಲೇ ಆದವು.

ಆ ಸಭೆಗಳ ಜೀವ ವಾರಿಜಕ್ಕ. ಉಡುಪಿ ಕಡೆಯವರು. ಗಂಡ ಭಾಸ್ಕರಣ್ಣ ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದರು. ಗಲ್ಲಾದ ಮೇಲೆ ಕೂರುತ್ತಿದ್ದವರು ವಾರಿಜಕ್ಕ. ಮನೆಯಲ್ಲಿ ತುಳು, ಅಡುಗೆಯವರೊಡನೆ ಕನ್ನಡ, ತರಕಾರಿಯವರೊಡನೆ ಮರಾಠಿ, ಗಿರಾಕಿಗಳೊಡನೆ ಹಿಂದಿ. ಇವು ನಾಲ್ಕೂ ಸಾಲದೆ ಬಂದಾಗ ಇಂಗ್ಲಿಷು. ಅದನ್ನು ಅವರು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಗಲ್ಲಾದ ಮುಂದೆ ನಿಂತ ಜನರ ಮಾತಿನಿಂದ ಒಂದೊಂದೇ ಪದ ಎತ್ತಿಕೊಂಡು ತಮಗೆ ಬೇಕಾದಂತೆ ಜೋಡಿಸಿಕೊಂಡಿದ್ದರು. ಅವರ ಇಂಗ್ಲಿಷಿನಲ್ಲಿ ಕಾಲವೆಂಬುದು ಬಹುಮಟ್ಟಿಗೆ ಒಂದೇ, ವರ್ತಮಾನ. ನಿನ್ನೆ ಒಡೆದ ಪೈಪೂ ನಾಳೆ ಬರಬೇಕಾದ ಪ್ಲಂಬರನೂ ಈಗಲೇ, ಇಲ್ಲಿಯೇ, ‘ಬ್ರೇಕಿಂಗ್’ ಮತ್ತು ‘ಕಮಿಂಗ್’ ಆಗುತ್ತಿದ್ದರು. ಕೇಳುವವರಿಗೆ ವಿಷಯದ ತುರ್ತು ತಾನಾಗಿ ಅರ್ಥವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ನಲ್ಲಿಯಿಂದ ಕೆಸರು ನೀರು ಬರತೊಡಗಿತು. ನಾನು ನನ್ನ ಇಸ್ತ್ರಿ ಇಂಗ್ಲಿಷಿನಲ್ಲಿ ನಗರಪಾಲಿಕೆಗೆ ದೀರ್ಘವಾದ ಅರ್ಜಿ ಬರೆದು ಕೊಟ್ಟೆ. ಬಹಳ ದಿನಗಳ ನಂತರ ದಕ್ಷಿಣದ ಕಡೆಯ ಅಧಿಕಾರಿಯೊಬ್ಬರು ಬಂದು, ಕೆಳಗೆ ನೆರಳಲ್ಲಿ ನಿಂತು, ಪೈಪಿನಲ್ಲಿ ತಾಂತ್ರಿಕವಾಗಿ ದೋಷವಿಲ್ಲವೆಂದು ಇಂಗ್ಲಿಷಿನಲ್ಲಿ ವಿವರಿಸಲು ಶುರುಮಾಡಿದರು. ನಾವೆಲ್ಲ ತಲೆದೂಗುತ್ತಿದ್ದೆವು. ಅಷ್ಟರಲ್ಲಿ ವಾರಿಜಕ್ಕ ಮೇಲಿನಿಂದ ಒಂದು ಸ್ಟೀಲಿನ ಲೋಟ ಹಿಡಿದು ಇಳಿದು ಬಂದು ಅವರ ಮುಂದೆ ಚಾಚಿದರು.

“ಯು ಕಮಿಂಗ್, ವೆರಿ ಗುಡ್. ನೌ ಯು ಡ್ರಿಂಕಿಂಗ್,” ಎಂದರು.

ಅಧಿಕಾರಿ ಲೋಟದೊಳಗೆ ನೋಡಿದರು, ವಾರಿಜಕ್ಕನನ್ನು ನೋಡಿದರು, ಕುಡಿಯಲಿಲ್ಲ. ಆ ಸಂಜೆಯೇ ರಸ್ತೆ ಅಗೆಯಲು ಜನ ಬಂದರು. ನನ್ನ ಅರ್ಜಿ ಎಲ್ಲಿ ಹೋಯಿತೋ ಇಂದಿಗೂ ತಿಳಿಯದು. ಅದರಲ್ಲಿ ಒಂದೇ ಒಂದು ವ್ಯಾಕರಣದೋಷವಿರಲಿಲ್ಲವೆಂಬುದನ್ನು ಮಾತ್ರ ಸಮಾಧಾನಕ್ಕೆ ಇಲ್ಲಿ ದಾಖಲಿಸುತ್ತಿದ್ದೇನೆ.

ಹೀಗಿರುವಾಗ ಎರಡನೆಯ ಅಂತಸ್ತಿಗೆ ಕುಲಕರ್ಣಿ ಸರ್ ಬಂದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರನ್ನು ಈ ಬರಹದ ಖಳನಾಯಕನೆಂದು ದಯವಿಟ್ಟು ಭಾವಿಸಬೇಡಿ, ಅಷ್ಟು ಸಜ್ಜನರನ್ನು ನಾನು ಕಂಡದ್ದು ಕಡಿಮೆ. ಕಟ್ಟಡದ ಮಕ್ಕಳಿಗೆ ಸಂಜೆ ಉಚಿತವಾಗಿ ಪಾಠ ಹೇಳಿದರು, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬಾಗಿಲು ತಟ್ಟಿದರು. ಅವರಿಗಿದ್ದ ದೌರ್ಬಲ್ಯ ಒಂದೇ: ತಪ್ಪು ವಾಕ್ಯ ಕಿವಿಗೆ ಬಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಅವರ ಮುಖ ನಿಂತುಬಿಡುತ್ತಿತ್ತು. ಅವರನ್ನು ನಾವು ಒಮ್ಮತದಿಂದ ಸೆಕ್ರೆಟರಿ ಮಾಡಿದೆವು. ಸೂಚನಾಫಲಕದ ಬರಹಗಳು ಒಂದೇ ತಿಂಗಳಲ್ಲಿ ಎಷ್ಟು ಸುಂದರವಾದವೆಂದರೆ, ಪಕ್ಕದ ಕಟ್ಟಡದವರಿಗೆ ತೋರಿಸಬೇಕೆನ್ನಿಸುವಷ್ಟು. ನನಗಂತೂ ಸಹೃದಯನೊಬ್ಬ ಸಿಕ್ಕಿದಂತಾಗಿ, ಅಲ್ಪವಿರಾಮ ಎಲ್ಲಿರಬೇಕೆಂಬ ವಿಷಯವಾಗಿ ಅವರೊಡನೆ ಎಷ್ಟೋ ಭಾನುವಾರಗಳನ್ನು ಸುಖವಾಗಿ ಹಾಳುಮಾಡಿದೆ.

ಮುಂದಿನ ಸಭೆ ತಾರಸಿಯ ಮೇಲೆ ನಡೆಯಿತು. ನೀರಿನ ಪಂಪು ವಾರಿಜಕ್ಕನ ಮಲಗುವ ಕೋಣೆಯ ಗೋಡೆಗೆ ತಾಗಿಕೊಂಡಿತ್ತು, ಅದರ ಸದ್ದು ಜಾಸ್ತಿಯಾಗಿತ್ತು. ವಾರಿಜಕ್ಕ ಎದ್ದು ನಿಂತರು.

“ಐ ಡಿಡ್ ನಾಟ್ ಸ್ಲೆಪ್ಟ್ ಹೋಲ್ ನೈಟ್. ಪಂಪ್ ಈಸ್ ಶೌಟಿಂಗ್ ಲೈಕ್ ಬಫೆಲೋ.”

ಕುಲಕರ್ಣಿ ಸರ್ ಬೆರಳೆತ್ತಿದರು. ಮುಖದಲ್ಲಿ ಪರಮ ವಾತ್ಸಲ್ಯ. “ಡಿಡ್ ನಾಟ್ ಸ್ಲೀಪ್, ಮೇಡಮ್,” ಎಂದು ಆರಂಭಿಸಿ, ‘ಡಿಡ್’ ಬಂದ ಮೇಲೆ ‘ಸ್ಲೆಪ್ಟ್’ ಏಕೆ ಬರಲಾಗದೆಂಬುದನ್ನು ಉದಾಹರಣೆಸಹಿತ ವಿವರಿಸಿದರು. ವಿವರಣೆ ರಸವತ್ತಾಗಿತ್ತು. ಎಲ್ಲರೂ ನಕ್ಕರು, ವಾರಿಜಕ್ಕನೂ ನಕ್ಕು, “ಸಾರಿ ಸರ್, ಡಿಡ್ ನಾಟ್ ಸ್ಲೀಪ್,” ಎಂದು ಕೂತರು. ಅಷ್ಟರಲ್ಲಿ ಸಭೆಯ ವೇಳೆ ಮುಗಿದುದರಿಂದ ಪಂಪಿನ ವಿಷಯ ಮುಂದಿನ ತಿಂಗಳಿಗೆ ಹೋಯಿತು. ಪಂಪು ಎಮ್ಮೆಯ ಹಾಗೆ ಕೂಗುತ್ತಲೇ ಇತ್ತು.

ಅದಾದ ಮೇಲೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ‘ಇಂದಿನ ಶುದ್ಧ ವಾಕ್ಯ’ ಎಂಬ ಅಂಕಣ ಶುರುವಾಯಿತು. ಸಾಮಾನ್ಯವಾಗಿ ನಾವಾಡುವ ತಪ್ಪು ಒಂದು ಕಡೆ, ಸರಿ ಇನ್ನೊಂದು ಕಡೆ. ಕುಲಕರ್ಣಿ ಸರ್ ಯಾರ ಹೆಸರನ್ನೂ ಹಾಕುತ್ತಿರಲಿಲ್ಲ. ಆದರೆ ಪಂಪು, ಟ್ಯಾಂಕು, ಪಾರ್ಕಿಂಗುಗಳ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಿದ್ದವರು ನಮ್ಮಲ್ಲಿ ಒಬ್ಬರೇ ಆದ್ದರಿಂದ, ವಾಕ್ಯ ಯಾರದೆಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ವಾರಿಜಕ್ಕ ಆ ಗುಂಪಿನಲ್ಲಿ ಬರೆಯುವುದನ್ನು ನಿಲ್ಲಿಸಿ, ಹೆಬ್ಬೆರಳಿನ ಚಿತ್ರ ಮಾತ್ರ ಕಳಿಸತೊಡಗಿದರು. ಹೆಬ್ಬೆರಳಿನಲ್ಲಿ ತಪ್ಪು ಹುಡುಕುವುದು ಕುಲಕರ್ಣಿ ಸರ್‌ಗೂ ಸಾಧ್ಯವಿರಲಿಲ್ಲ.

ಅವರು ಮುನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮುನಿಸು ಎಂದಾದರೂ ಇಳಿಯುತ್ತದೆ. ವಾರಿಜಕ್ಕ ಮುನಿಯಲಿಲ್ಲ, ಪಾಠಕ್ಕೆ ಸೇರಿದರು. ಹೋಟೆಲಿನಿಂದ ಬಂದು, ಕೈಕಾಲು ತೊಳೆದು, ಕುಲಕರ್ಣಿ ಸರ್ ಮನೆಯ ಚಾಪೆಯ ಮೇಲೆ ಕಟ್ಟಡದ ಮಕ್ಕಳ ನಡುವೆ ಕೂತು ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಿದರು. ಸರ್‌ಗೆ ಅವರ ಮೇಲೆ ಅಪಾರ ಅಭಿಮಾನ.

“ಮೂರ್ತಿಯವರ, ಆ ಹೆಣ್ಣುಮಗಳ ಉತ್ಸಾಹ ನೋಡ್ರಿ. ಈ ವಯಸ್ಸಿನ್ಯಾಗ ಎಷ್ಟ ಶಿಸ್ತಿಲೆ ಕಲೀಲಿಕ್ಕತ್ತಾರ. ಇನ್ನೊಂದ ವರ್ಷ ಬಿಡ್ರಿ, ನಮ್ಮ ಸಭಾದಾಗ ಅವರಷ್ಟ ಚಲೋ ಇಂಗ್ಲಿಷ್ ಯಾರೂ ಮಾತಾಡಂಗಿಲ್ಲ.”

ಅವರ ಭವಿಷ್ಯವಾಣಿಯ ಮೊದಲರ್ಧ ನಿಜವಾಯಿತು. ವಾರಿಜಕ್ಕ ನಿಜಕ್ಕೂ ಕಲಿತರು. ಕಲಿತಷ್ಟೂ ಮಾತು ಕಡಿಮೆಯಾಯಿತು. ಮೊದಲು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಹಿಂದಿನ ಸಾಲಿಗೆ ಹೋದರು, ಆಮೇಲೆ ಬಾಗಿಲ ಬಳಿ ನಿಂತು ಕೇಳಿ ಹೋಗತೊಡಗಿದರು. ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ ನಾನೇ ಮಾತು ತೆಗೆದೆ.

“ಸಭೆಯಲ್ಲಿ ನೀವು ಮಾತಾಡದೆ ಬಹಳ ದಿನವಾಯ್ತಲ್ಲ ವಾರಿಜಕ್ಕ?”

“ಎಂತ ಮಾತಾಡುದು ಮೂರ್ತಿಯವ್ರೆ,” ಎಂದು ಅವರು ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. “ಇಷ್ಟು ವರ್ಷ ನಾನು ಎಂತೆಲ್ಲ ಮಾತಾಡಿದ್ದೇನೆ ಅಂತ ಈಗ ನೆನಪು ಮಾಡಿದ್ರೆ ನಾಚಿಗೆ ಆಗ್ತದೆ. ಒಬ್ರೂ ಹೇಳ್ಲಿಲ್ಲ ನೋಡಿ, ತಪ್ಪು ಅಂತ.”

“ಕೆಲಸ ಆಗ್ತಿತ್ತಲ್ಲ?”

“ಕೆಲಸ ಆಗ್ತಿತ್ತು. ಹಿಂದಿಂದ ನಗ್ತಾನೂ ಇದ್ರೋ ಏನೋ, ನಂಗೆ ಗೊತ್ತಿರ್ಲಿಲ್ಲ.”

“ಹಾಗಿದ್ದರೆ ಹಿಂದಿಯಲ್ಲೇ ಮಾತಾಡಿ. ಎಲ್ಲರಿಗೂ ಅರ್ಥವಾಗುತ್ತದೆ.”

“ಹಿಂದಿಗೂ ಗ್ರಾಮರ್ ಉಂಟಲ್ಲ,” ಎಂದು ಅವರು ಮೆಟ್ಟಿಲು ಹತ್ತಿದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮನುಷ್ಯರಿಗೆ ಒಂದು ಭಾಷೆಯಲ್ಲಿ ನಾಚಿಕೆ ಹುಟ್ಟಿದರೆ ಅದು ಆ ಭಾಷೆಯಲ್ಲೇ ಇರುತ್ತದೆಂದು ನಾನು ತಿಳಿದಿದ್ದೆ. ಆದರೆ ಅದು ಒಂದು ಗೋಡೆಯ ತೇವದಂತೆ ಪಕ್ಕದ ಗೋಡೆಗೂ ಹಬ್ಬುತ್ತದೆ. ಗಲ್ಲಾದ ಮೇಲೆ ಕೂತಾಗಲೂ ವಾರಿಜಕ್ಕ ಮೊದಲಿನ ಹಾಗೆ ಗಿರಾಕಿಗಳನ್ನು ಗದರುತ್ತಿಲ್ಲವೆಂದು ಭಾಸ್ಕರಣ್ಣ ನನ್ನ ಹೆಂಡತಿಯ ಬಳಿ ಹೇಳಿಕೊಂಡರಂತೆ. “ಈಗ ಅವಳು ಒಳಗೇ ಒಂದ್ಸಲ ಮಾತಾಡಿ ಆಮೇಲೆ ಹೊರಗೆ ಮಾತಾಡ್ತಾಳೆ,” ಎಂದಿದ್ದರು.

ಅಷ್ಟರಲ್ಲಿ ಕಟ್ಟಡದ ಕಂಬಗಳು ಬಿರುಕುಬಿಟ್ಟು, ಒಳಗಿನ ಕಬ್ಬಿಣ ಕಾಣತೊಡಗಿತು. ರಿಡೆವಲಪ್‌ಮೆಂಟಿನ ಮಾತು ಬಂತು. ನಮ್ಮ ಕಡೆ ಈ ಪದ ಗೊತ್ತಿಲ್ಲದವರಿಲ್ಲ: ಹಳೆಯ ಕಟ್ಟಡವನ್ನು ಬಿಲ್ಡರನಿಗೆ ಒಪ್ಪಿಸಿದರೆ ಆತ ಅದನ್ನು ಕೆಡವಿ, ಅದೇ ಜಾಗದಲ್ಲಿ ಎತ್ತರದ ಗೋಪುರ ಕಟ್ಟಿ, ಹಳಬರಿಗೆ ಹೊಸ ಮನೆ ಕೊಟ್ಟು ಮಿಕ್ಕದ್ದನ್ನು ಮಾರಿಕೊಳ್ಳುತ್ತಾನೆ. ಅಲ್ಲಿಯವರೆಗೆ ಹಳಬರು ಬಾಡಿಗೆ ಮನೆಗಳಲ್ಲಿ ಕಾಯಬೇಕು.

ಹಾಲ್ ಒಂದನ್ನು ಗೊತ್ತುಮಾಡಿ ಬಿಲ್ಡರ್ ಕಡೆಯವರು ನಮ್ಮನ್ನು ಕರೆದರು. ಮಾತಾಡಲು ಬಂದ ತರುಣನ ಇಂಗ್ಲಿಷು ಕೇಳಿ ನನಗೆ ರೋಮಾಂಚನವಾಯಿತು. ಎಲ್ಲೂ ತಡವರಿಕೆಯಿಲ್ಲ, ವಾಕ್ಯಗಳು ಒಂದರ ಹಿಂದೊಂದು ಹೊಸ ಲೋಕಲ್ ರೈಲಿನ ಹಾಗೆ ಸದ್ದಿಲ್ಲದೆ ಬಂದು ನಿಲ್ಲುತ್ತಿದ್ದವು. ಪರದೆಯ ಮೇಲೆ ಈಜುಕೊಳ, ಮಕ್ಕಳ ತೋಟ, ಅಲ್ಲಿ ನಗುತ್ತ ಓಡಾಡುವ ಬೆಳ್ಳಗಿನ ಜನ. ಒಪ್ಪಂದದ ಕರಡನ್ನು ಕುಲಕರ್ಣಿ ಸರ್ ಮೊದಲೇ ಓದಿಟ್ಟಿದ್ದರು. ನನ್ನ ಕಿವಿಯ ಬಳಿ ಬಾಗಿ ಹೇಳಿದರು: “ಇಡೀ ಡ್ರಾಫ್ಟಿನ್ಯಾಗ ಎರಡ ಕಡೆ ಕಾಮಾ ತಪ್ಪಿದ್ದು, ಹಚ್ಚೀನಿ. ಉಳಿದದ್ದು ಮುತ್ತಿನಂಥಾ ಇಂಗ್ಲಿಷ್ ರೀ.” ನಾನೂ ಓದಿದ್ದೆ. ನನಗೂ ಹಾಗೇ ಅನ್ನಿಸಿತ್ತು. ಇಷ್ಟು ಶುದ್ಧವಾಗಿ ಬರೆಯಬಲ್ಲವರು ಮೋಸಗಾರರಾಗಿರಲಾರರೆಂಬ ನಂಬಿಕೆ ನಮ್ಮಂಥವರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದು ನನಗೆ ಆಗ ತಿಳಿದಿರಲಿಲ್ಲ.

ಕೊನೆಯಲ್ಲಿ ತರುಣ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದ. ಆ ಇಂಗ್ಲಿಷಿನ ಎದುರು ತಮ್ಮ ಇಂಗ್ಲಿಷನ್ನು ನಿಲ್ಲಿಸಲು ಯಾರಿಗೂ ಧೈರ್ಯವಿರಲಿಲ್ಲ. ನನ್ನ ಗಂಟಲಲ್ಲಿ ಎಂದಿನ ಕಫ ಬಂದು ಕೂತಿತು. ವಾರಿಜಕ್ಕ ಹಿಂದಿನ ಸಾಲಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿಕೊಂಡು ಕೂತಿದ್ದರು. ಒಬ್ಬಿಬ್ಬರು ಹಿಂದಿಯಲ್ಲಿ ಪಾರ್ಕಿಂಗ್ ಎಷ್ಟೆಂದು ಕೇಳಿದರು. ಆಮೇಲೆ ಒಪ್ಪಿಗೆಗೆ ಕೈ ಎತ್ತುವ ಕಾರ್ಯಕ್ರಮ. ಎತ್ತಿದೆವು. ಚಹಾ, ಸಮೋಸ ಬಂದವು.

ನಾವು ಚದುರಿಹೋದೆವು. ನಾನು ಕಲ್ಯಾಣಕ್ಕೆ, ಕುಲಕರ್ಣಿ ಸರ್ ಠಾಣೆಯಲ್ಲಿ ಮಗಳ ಮನೆಗೆ, ವಾರಿಜಕ್ಕನವರು ಘನ್ಸೋಲಿಗೆ. ದೂರವಾಯಿತೆಂದು ವಾರಿಜಕ್ಕ ಗಲ್ಲಾ ಬಿಟ್ಟರು. ಭಾಸ್ಕರಣ್ಣ ಒಬ್ಬರೇ ಠಾಣೆಯಲ್ಲಿ ರೈಲು ಬದಲಿಸಿ ಹೋಗಿಬರತೊಡಗಿದರು. ಕಟ್ಟಡ ಕೆಡವಿದರು, ಪಾಯ ತೋಡಿದರು. ಮಳೆಗಾಲ ಬಂದು ಪಾಯದಲ್ಲಿ ನೀರು ನಿಂತಿತು. ಮಳೆಗಾಲ ಹೋಯಿತು, ಜನ ಬರಲಿಲ್ಲ. ಕೇಳಲು ಹೋದರೆ, ಕಂಪನಿಯ ಪಾಲುದಾರರು ಬೇರೆಯಾಗಿದ್ದಾರೆಂದು ತಿಳಿಯಿತು. ಇವರ ಬಳಿ ಹೋದರೆ ಕೆಲಸ ಅವರದು ಎನ್ನುತ್ತಾರೆ, ಅವರ ಬಳಿ ಹೋದರೆ ಅದು ಇವರದು ಎನ್ನುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಆ ಹೊಂಡದಲ್ಲಿ ಬಾತುಕೋಳಿಗಳಿದ್ದವು. ಪರದೆಯ ಮೇಲೆ ತೋರಿಸಿದ ಈಜುಕೊಳದ ಭರವಸೆ ಆ ಮಟ್ಟಿಗೆ ಈಡೇರಿತೆನ್ನಬೇಕು.

ಮೊನ್ನೆ ಕುಲಕರ್ಣಿ ಸರ್ ಫೋನ್ ಮಾಡಿ, ವಾರಿಜಕ್ಕನವರನ್ನು ನೋಡಿಬರೋಣ ಎಂದರು. ಠಾಣೆಯಲ್ಲಿ ಸೇರಿ ಘನ್ಸೋಲಿಯ ಗಾಡಿ ಹತ್ತಿದೆವು. ಸರ್ ಬಹಳ ಬಡವಾಗಿದ್ದರು. ಚೀಲದಿಂದ ಒಪ್ಪಂದದ ಪ್ರತಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಐರೋಲಿ ಸ್ಟೇಷನ್ ದಾಟಿದ ಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನ ಓದ್ರಿ. ಕಾಮಗಾರಿ ಪೂರ್ಣಗೊಳಿಸಲಾಗುವುದು. ಕೆಳಗ ನೋಡ್ರಿ. ಮನೆ ಹಸ್ತಾಂತರಿಸಲಾಗುವುದು. ಎಲ್ಲಾ ಪ್ಯಾಸಿವ್ ವಾಯ್ಸ್. ಯಾರು ಪೂರ್ಣಗೊಳಿಸವರು, ಯಾರು ಹಸ್ತಾಂತರ ಮಾಡವರು, ಎಲ್ಲಿಯೂ ಇಲ್ಲ. ನಲವತ್ತ ವರ್ಷ ಹುಡುಗರಿಗೆ ಇದನ್ನ ಕಲಿಸೀನಿ. ಕರ್ತೃ ಇಲ್ಲದ ವಾಕ್ಯ ನನ್ನ ಕಣ್ಣಿಗೆ ಬೀಳಲಿಲ್ಲ ನೋಡ್ರಿ. ಯಾಕಂದ್ರ ಅದು ತಪ್ಪಿದ್ದಿಲ್ಲ.”

ಕರ್ತೃ ತಲೆಮರೆಸಿಕೊಂಡ ಮೇಲೆ ಉಳಿಯುವುದು ಕರ್ಮ ಒಂದೇ, ಅದನ್ನು ನಾವು ಅನುಭವಿಸುತ್ತಿದ್ದೆವು. ರಬಾಳೆಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದ ಜನ ನುಗ್ಗಿ ಹತ್ತಿದ್ದರಿಂದ, ಸರ್ ಆ ಪ್ರತಿಯನ್ನು ಮಡಿಸಿ ಮತ್ತೆ ಚೀಲಕ್ಕೆ ಸೇರಿಸಿದರು.

ವಾರಿಜಕ್ಕ ಬಾಗಿಲು ತೆರೆದು ಸಂತೋಷಪಟ್ಟರು. ನೀರ್‌ದೋಸೆ ಹುಯ್ದು ಕೊಟ್ಟರು. ಕುಲಕರ್ಣಿ ಸರ್ ತಟ್ಟೆಯನ್ನು ಹಿಡಿದುಕೊಂಡೇ ಕೂತಿದ್ದರು.

“ಆವತ್ತ ಆ ಹಾಲ್‌ನ್ಯಾಗ ನಾವ್ಯಾರೂ ಏನೂ ಕೇಳಲಿಲ್ಲ,” ಎಂದರು. “ನೀವರೆ ಒಂದ ಮಾತು ಕೇಳಬೇಕಿತ್ತಲ್ರೀ ಮೇಡಮ್. ಮೊದಲೆಲ್ಲಾ ಕೇಳತಿದ್ರಿ.”

“ಕೇಳ್ಬೇಕು ಅಂತ ಇತ್ತು ಸರ್,” ಎಂದರು ವಾರಿಜಕ್ಕ. “ಅರ್ಧದಲ್ಲಿ ಕೆಲಸ ನಿಂತ್ರೆ ನಾವು ಯಾರನ್ನು ಹಿಡಿಯುದು ಅಂತ. ಅಷ್ಟೇ. ಇಂಗ್ಲಿಷಲ್ಲಿ ಮಾಡ್ತಾ ಇದ್ದೆ. ನೀವು ಕಲಿಸಿದ್ರಲ್ಲ, ಕೆಲವು ಕಡೆ ‘ಹೂ’, ಕೆಲವು ಕಡೆ ‘ಹೂಮ್’ ಅಂತ. ಇಲ್ಲಿ ಯಾವುದು ಹಾಕುದು ಅಂತ ಗೊತ್ತಾಗ್ಲಿಲ್ಲ. ಅದನ್ನೇ ಯೋಚ್ನೆ ಮಾಡ್ತಾ ಇದ್ದೆ. ಅಷ್ಟೊತ್ತಿಗೆ ನೀವೆಲ್ಲ ಹೂಂ ಅಂತ ಕೈ ಎತ್ತಿ ಆಗಿತ್ತು.”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ಒಲೆಯ ಮೇಲಿದ್ದ ಕಾವಲಿಯನ್ನು ನೋಡಲು ಒಳಗೆ ಹೋದರು. ಕುಲಕರ್ಣಿ ಸರ್ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ವಾರಿಜಕ್ಕ ಇನ್ನೊಂದು ದೋಸೆ ತಂದು ಬಡಿಸುವಾಗ, ಸರ್ ಅವರ ಮುಖ ನೋಡದೆಯೇ ಹೇಳಿದರು:

“‘ಹೂ’ ಅಂದಿದ್ರೂ ನಡೀತಿತ್ತು, ಮೇಡಮ್.”

ವಾರಿಜಕ್ಕ ದೋಸೆಯ ಮಡಿಕೆಯನ್ನು ಸರಿಮಾಡಿದರು.

“ಹೌದಾ ಸರ್?” ಎಂದರು. “ನಂಗೆ ಅದು ಗೊತ್ತಿರ್ಲಿಲ್ಲ.”